ಕೆಂಪು ಬಟನ್ ಇಲ್ಲದ ಹಾರ್ನು

ನನಗೆ ಸಿಟ್ಟು ಬೇಗ ಬರುತ್ತದೆ ಅಂತ ಹಗರಿಬೊಮ್ಮನಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳೇನಲ್ಲ. ಸುಟ್ಟ ಮೋಟರನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು, ‘ತಾನಾಗೇ ಸುಡ್ತು’ ಅಂತ ಯಾರಾದರೂ ಹೇಳಿದರೆ ನನ್ನ ಮೈಯೆಲ್ಲಾ ಉರಿಯುತ್ತದೆ. ಮೋಟರ್ ಎಲ್ಲಾದರೂ ತಾನಾಗೇ ಸುಡುತ್ತದೆಯೇ? ಅಪ್ಪ ಪಾಲಾಕ್ಷಪ್ಪ ತೀರಿಕೊಂಡ ಮೇಲೆ ನಮ್ಮ ವೈಂಡಿಂಗ್ ಅಂಗಡಿ ನಡೆಸುತ್ತಿರುವವಳು ನಾನು, ಪುಷ್ಪಲತಾ. ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವುದು, ಹೊಲದ ಸ್ಟಾರ್ಟರಿಗೆ ಬೋರ್ಡ್ ಕಟ್ಟುವುದು ನನ್ನ ಕೆಲಸ. ಹಸಿರು ಬಟನ್ ಒಮ್ಮೆ ಒತ್ತಿ ಕೈ ತೆಗೆದರೆ ಮೋಟರ್ ಓಡುತ್ತಲೇ ಇರಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ಈ ಎರಡು ಬಟನ್ನುಗಳ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಈಗ ಹೇಳಹೊರಟಿದ್ದು ಮೋಟರಿನ ವಿಷಯವಲ್ಲ, ನನ್ನ ತಮ್ಮ ಕೊಟ್ರಸ್ವಾಮಿಯ ಬೈಕಿನದು.

ಬೈಕ್ ಅಂದರೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವ ಬೈಕಲ್ಲ. ದೂರ ಪ್ರಯಾಣಕ್ಕೆಂದೇ ಮಾಡಿದ ಎತ್ತರದ ಗಾಡಿ. ಎರಡೂ ಪಕ್ಕ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು, ಹತ್ತಬೇಕಾದರೆ ನನ್ನಂಥವಳು ಕಟ್ಟೆ ಹುಡುಕಬೇಕು. ಕೊಟ್ರನಿಗೆ ಬೀಜ ಗೊಬ್ಬರದ ಅಂಗಡಿ ಇದೆ. ಬಿತ್ತನೆ ಮುಗಿದು ವ್ಯಾಪಾರ ತಣ್ಣಗಾಯಿತೋ, ಹರಪನಹಳ್ಳಿಯ ಗೆಳೆಯ ಹಂಪೇಶನ ಜೊತೆ ಹೊರಟೇಬಿಡುತ್ತಿದ್ದ. ಗೋಕರ್ಣ, ಕನ್ಯಾಕುಮಾರಿ, ಒಂದು ಸಲ ರಾಜಸ್ಥಾನದ ಮರಳಿನವರೆಗೆ. ಬಂದ ಮೇಲೆ ಊಟಕ್ಕೆ ಕೂತರೆ ಬಾಯಿ ಮುಚ್ಚುತ್ತಿರಲಿಲ್ಲ. ಎಲ್ಲಿ ಏನು ತಿಂದ, ಯಾವ ಘಾಟಿನಲ್ಲಿ ಮಂಜು ಬಿತ್ತು, ಯಾವ ಊರಿನಲ್ಲಿ ಯಾರ ಮನೆ ಜಗಲಿಯ ಮೇಲೆ ಮಲಗಿದ, ಎಲ್ಲಾ ಹೇಳಲೇಬೇಕು. ‘ರೊಟ್ಟಿ ಆರತಾವು, ತಿನ್ನೋ ಮೊದಲು’ ಅಂತ ನಾನು ಬೈಯುತ್ತಿದ್ದೆ. ಅವ್ವ ಪಂಪಮ್ಮ ಮಾತ್ರ ಕೈಯಲ್ಲಿ ತುತ್ತು ಹಿಡಿದುಕೊಂಡು ಕೇಳುತ್ತಾ ಕೂತಿರುತ್ತಿದ್ದಳು.

ಹಿಂದಿನ ವರ್ಷ ಮೆಕ್ಕೆಜೋಳದ ರಾಶಿ ಮಾಡುವಾಗ ಯಾರದೋ ಮಷಿನ್ ತೆನೆ ಸಿಕ್ಕಿ ನಿಂತಿತು. ಸಹಾಯ ಮಾಡಲು ಹೋದ ಕೊಟ್ರನ ಎಡಗೈ ಹೆಬ್ಬೆರಳು ಅದರಲ್ಲಿ ಹೋಯಿತು. ಬುಡದಲ್ಲಿ ಒಂದು ಉಬ್ಬು ಉಳಿದಿದೆ, ಅಷ್ಟೇ. ಗಾಯ ಮಾಗಿದ ಕೂಡಲೇ ಅವನು ಮಾಡಿದ ಮೊದಲ ಕೆಲಸ ಬೈಕ್ ಹೊರಗೆ ತೆಗೆದದ್ದು. ಕ್ಲಚ್ ಹಿಡಿಯಲು ನಾಲ್ಕು ಬೆರಳು ಸಾಕು, ಅದೇನೂ ತೊಂದರೆಯಾಗಲಿಲ್ಲ. ಆದರೆ ಹಾರ್ನು, ಇಂಡಿಕೇಟರ್ ಎಲ್ಲಾ ಎಡಗೈ ಹೆಬ್ಬೆರಳಿಗೇ ಸಿಗುವಂತೆ ಕಂಪನಿಯವರು ಇಟ್ಟಿದ್ದಾರೆ. ಊರ ಹೊರಗೆ ಒಬ್ಬ ಮುದುಕಿ ರಸ್ತೆಗೆ ಅಡ್ಡ ಬಂದಳು. ಹಾರ್ನ್ ಹೊಡೆಯಲು ಕೊಟ್ರ ಬಲಗೈಯನ್ನು ಎಡಗಡೆಯ ಬಟನ್ನಿಗೆ ಚಾಚಿದ, ಗಾಡಿ ಸೊಟ್ಟ ಹೊಡೆಯಿತು, ಗುಂಡಿಯಲ್ಲಿ ಬಿದ್ದ. ಮುದುಕಿಗೆ ಏನೂ ಆಗಲಿಲ್ಲ, ಇವನಿಗೆ ಮೊಣಕಾಲು ತರಚಿತು. ಬೈಕನ್ನು ತಳ್ಳಿಕೊಂಡೇ ಮನೆಗೆ ತಂದು, ಹಿತ್ತಲ ತಗಡಿನ ಕೆಳಗೆ ನಿಲ್ಲಿಸಿ ತಾಡಪತ್ರಿ ಹೊದಿಸಿದ.

“ಹಾರ್ನ್ ಹೊಡಿಯಾಕ ಬರಲಾರ್ದಾಂವ ರೋಡಿಗೆ ಇಳಿಬಾರ್ದು ಅಕ್ಕ” ಅಂದ. ಅದೇ ಅವನು ಬೈಕಿನ ಬಗ್ಗೆ ಆಡಿದ ಕಡೆಯ ಮಾತು.

ಅಲ್ಲಿಂದ ಮುಂದೆ ನಮ್ಮ ಮನೆಯ ಊಟ ಹೇಗಿತ್ತು ಅಂತೀರಿ! ತಟ್ಟೆಯ ಸದ್ದು ಬಿಟ್ಟರೆ ಏನೂ ಇಲ್ಲ. ಉಣ್ಣುತ್ತಿದ್ದ, ಏಳುತ್ತಿದ್ದ, ಅಂಗಡಿಗೆ ಹೋಗುತ್ತಿದ್ದ. ಬೈಯಲು ಒಂದು ಕಾರಣವನ್ನಾದರೂ ಕೊಡಬೇಡವೇ? ಅವನ ಆ ಗದ್ದಲ ನನಗೆ ಎಷ್ಟು ಬೇಕಿತ್ತು ಅಂತ ನನಗೆ ಗೊತ್ತಾದದ್ದೇ ಆಗ.

ಈ ಸಲ ಮಳೆ ಮುಗಿದ ಹೊಸತರಲ್ಲಿ ಒಂದು ದಿನ ಅವ್ವ ರೊಟ್ಟಿ ಬಡಿಯುತ್ತಾ, ನನ್ನ ಮುಖ ನೋಡದೆ ಹೇಳಿದಳು: “ಬೈಕು ಹಂಪೇಶಗ ಕೊಡಾಕ ಮಾತಾಡ್ಯಾನ. ಬರೋ ಐತವಾರ ಬಂದು ಒಯ್ತಾನಂತ.”

ಬೇರೆಯವರ ಪಾಲಾಗಬಾರದು ಅಂತ ಹಂಪೇಶನೇ ಕೇಳಿಕೊಂಡನಂತೆ. ನನಗೆ ಆ ಕಾರಣವೆಲ್ಲಾ ಬೇಡವಾಗಿತ್ತು. ನೆತ್ತಿಗೇರಿತು. ಎದ್ದು ಹಿತ್ತಲಿಗೆ ಹೋಗಿ ತಾಡಪತ್ರಿ ಎಳೆದು ಬಿಸಾಕಿದೆ. ಎಡಗಡೆಯ ಹಿಡಿಯ ಪಕ್ಕದಲ್ಲಿ ಆ ಸ್ವಿಚ್ಚಿನ ಡಬ್ಬಿ ಇತ್ತಲ್ಲ, ಅದನ್ನೇ ದುರುಗುಟ್ಟಿ ನೋಡಿದೆ. ಇಷ್ಟು ಸಣ್ಣ ಡಬ್ಬಿ ನನ್ನ ತಮ್ಮನನ್ನು ಮೂಲೆಗೆ ಕೂರಿಸುವುದೇ?

ಆಗ ಬೆನಕಪ್ಪನ ನೆನಪಾಯಿತು. ಮಾಗಳದ ರೈತ ಅವನು. ಎರಡೂ ಕೈ ನಡುಗುತ್ತವೆ, ಬಟನ್ ಮೇಲೆ ಬೆರಳು ನಿಲ್ಲುವುದಿಲ್ಲ. ಅವನಿಗೆಂದು ನಾನು ಮೊಣಕೈಯಿಂದ ಒತ್ತುವ ಹಾಗೆ ಬೋರ್ಡ್ ಕಟ್ಟಿಕೊಟ್ಟಿದ್ದೆ. ಇವತ್ತಿಗೂ ಹೊಳೆಯ ದಂಡೆಯಲ್ಲಿ ಬೆನಕಪ್ಪ ಮೊಣಕೈಯಿಂದಲೇ ಮೋಟರ್ ಶುರು ಮಾಡುತ್ತಾನೆ. ಹಾಗಾದರೆ ಹಾರ್ನು ಹೆಬ್ಬೆರಳಿಗೇ ಸಿಗಬೇಕು ಅಂತ ಯಾರ ಅಪ್ಪನ ಆಣೆ? ನಾನು ಅಲ್ಲೇ ನಿಂತು ನಕ್ಕುಬಿಟ್ಟೆ. ಕೈ ಆಗಲೇ ತುರಿಸತೊಡಗಿತ್ತು.

ಕೊಟ್ರನ ಕೈ ಅಳತೆ ಬೇಕಿತ್ತು. ಕೇಳಿದರೆ ಕೊಡುವ ಆಸಾಮಿಯಲ್ಲ, ‘ಸುಮ್ನಿರು ಅಕ್ಕ’ ಅಂತ ಎದ್ದು ಹೋಗುತ್ತಾನೆ. ಅವತ್ತು ಅವ್ವ ಹೋಳಿಗೆಗೆ ಕಣಕ ಕಲಸಿಟ್ಟಿದ್ದಳು. ಅದರಲ್ಲಿ ಒಂದು ಮುದ್ದೆ ಕದ್ದು, ಬೈಕಿನ ಹಿಡಿಯಷ್ಟೇ ದಪ್ಪದ ಪೈಪಿಗೆ ಮೆತ್ತಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಸುತ್ತಿದೆ. ಅವನು ಅಂಗಡಿ ಮುಚ್ಚಿ ಬಂದಾಗ ಪೈಪಿನ ಇನ್ನೊಂದು ತುದಿಗೆ ಸ್ಪ್ಯಾನರ್ ಹಾಕಿಕೊಂಡು ಕೂತಿದ್ದೆ. ಲೇ ಕೊಟ್ರ, ಈ ಪೈಪು ಎಡಗೈಲೆ ಗಟ್ಟಿ ಹಿಡಿ, ನಟ್ಟು ಬಿಚ್ಚಬೇಕು ಅಂದೆ. ಹಿಡಿದ. ಇದೇನು ಮೆತ್ತಗೈತಿ ಅಂತ ಕೇಳಿದ. ರಬ್ಬರ್ ಅಂದೆ. ನಾನು ಇಲ್ಲದ ನಟ್ಟನ್ನು ಬಿಚ್ಚುವವಳಂತೆ ತಿಣುಕಿದೆ, ಅವನು ಇನ್ನೂ ಬಿಗಿಯಾಗಿ ಹಿಡಿದ.

ಪ್ಲಾಸ್ಟಿಕ್ ಬಿಚ್ಚಿದಾಗ ಅವನ ಅಂಗೈ ಇಡಿಯಾಗಿ ಕಣಕದಲ್ಲಿ ಮೂಡಿತ್ತು. ನಾಲ್ಕು ಬೆರಳಿನ ಸಾಲು, ಮತ್ತೆ ಹೆಬ್ಬೆರಳು ಇದ್ದ ಜಾಗದಲ್ಲಿ ಒಂದು ಆಳವಾದ ಕುಳಿ. ಎಲ್ಲಕ್ಕಿಂತ ಆಳವಾದ ಗುರುತು ಅದೇ. ಆ ಉಬ್ಬಿನಲ್ಲಿ ಅಷ್ಟೊಂದು ಬಲ ಉಳಿದಿದೆ! ನನಗೆ ಕಣ್ಣಲ್ಲಿ ನೀರು ಬಂತು, ಖುಷಿಯೂ ಆಯಿತು. ಹಾರ್ನು ಎಲ್ಲಿ ಕೂರಬೇಕು ಅಂತ ನನ್ನ ತಮ್ಮನ ಕೈಯೇ ತೋರಿಸಿತ್ತು. ಕಣಕ ಹಾಳು ಮಾಡಿದ್ದಕ್ಕೆ ಅವ್ವನಿಂದ ಬೈಸಿಕೊಂಡೆ, ಅದೂ ಸಿಹಿಯಾಗಿಯೇ ಕೇಳಿಸಿತು.

ಮರುದಿನದಿಂದ ಅಂಗಡಿಯಲ್ಲಿ ಬೇರೆ ಕೆಲಸವೇ ಮುಟ್ಟಲಿಲ್ಲ. ಮೋಟರ್ ಕೇಳಲು ಬಂದವರಿಗೆ ಸೋಮವಾರ ಬರ್ರಿ ಅಂತ ಬಾಗಿಲಲ್ಲೇ ಹೇಳಿ ಕಳಿಸಿದೆ. ಹಳೆಯ ಸ್ಟಾರ್ಟರ್ ಪೆಟ್ಟಿಗೆಯ ತಗಡು ಕತ್ತರಿಸಿ, ಹಿಡಿಯ ಬದಿಗೆ ಬಾಗಿ ಕೂರುವ ಹಾಗೆ ಬಡಿದು, ಅಂಚು ಉಜ್ಜಿ ನುಣ್ಣಗೆ ಮಾಡಿದೆ. ಪಂಪ್‌ಸೆಟ್ಟಿನ ದಪ್ಪ ಬಟನ್ನುಗಳನ್ನೇ ಹಾಕಿದೆ. ಎಡ ಇಂಡಿಕೇಟರಿಗೊಂದು ಹಸಿರು, ಬಲಕ್ಕೊಂದು ಹಸಿರು, ಮಂಜಿನ ಲೈಟಿಗೊಂದು ಹಸಿರು. ಈ ಮೂರೂ ತೋರುಬೆರಳಿಗೆ ಸಿಗುತ್ತವೆ. ಎಲ್ಲವನ್ನೂ ಆರಿಸಲು ನಡುವೆ ಒಂದೇ ಒಂದು ಕೆಂಪು. ಹಾರ್ನಿಗೆ ಮಾತ್ರ ನನ್ನ ಹತ್ತಿರ ಇದ್ದ ಅತಿ ದೊಡ್ಡ ಹಸಿರು ಬಟನ್ ಆರಿಸಿ, ಆ ಉಬ್ಬು ಬರುವ ಜಾಗಕ್ಕೇ ಕೂರಿಸಿದೆ. ನೀರು ಹೋಗದಂತೆ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಹೊದಿಸಿದೆ. ವೈರಿಗೆ ಮೋಟರಿನ ಮೂರು ಫೇಸಿನ ಬಣ್ಣಗಳೇ: ಕೆಂಪು, ಹಳದಿ, ನೀಲಿ. ನಮ್ಮ ಅಂಗಡಿಯಲ್ಲಿ ಬೇರೆ ಬಣ್ಣ ಇದ್ದರೆ ತಾನೇ!

ಒಳಗೆ ಕೂರುವುದು ಸಣ್ಣ ಸಣ್ಣ ರಿಲೇ ಡಬ್ಬಿಗಳು. ಬಟನ್ನಿನ ಮಾತು ಕೇಳಿ ಕರೆಂಟನ್ನು ಬಿಡುವುದು, ತಡೆಯುವುದು ಅವುಗಳ ಕೆಲಸ. ಬೋರ್ಡ್ ಕಟ್ಟುವವರು ರಿಲೇ ಕೈಗೆತ್ತಿಕೊಂಡ ಕೂಡಲೇ ಮೊದಲು ಅದಕ್ಕೊಂದು ಗಿಡ್ಡ ವೈರ್ ಬೆಸೆಯುತ್ತಾರೆ. ಅದಕ್ಕೆ ಹೋಲ್ಡಿಂಗ್ ವೈರ್ ಅನ್ನುತ್ತೇವೆ. ಬಟನ್ನಿನಿಂದ ಕೈ ತೆಗೆದರೂ ಮೋಟರ್ ನಿಲ್ಲದಂತೆ ಹಿಡಿದುಕೊಳ್ಳುವುದು ಆ ವೈರೇ. ನಾನೂ ರಿಲೇಗಳನ್ನೆಲ್ಲಾ ಸಾಲಾಗಿ ಮಲಗಿಸಿಕೊಂಡು, ರೇಡಿಯೋ ಕೇಳುತ್ತಾ ಒಂದೇ ಏಟಿಗೆ ಬೆಸೆದುಬಿಟ್ಟೆ. ಸ್ವಲ್ಪ ಹಾಡಿಕೊಂಡೆ ಕೂಡ.

ಶನಿವಾರ ಅದನ್ನು ಬೈಕಿಗೆ ಕಟ್ಟುವಾಗ ಕೊಟ್ರ ಬಂದು ನೋಡಿದ. ಮುಖ ಕೆಂಪಗಾಯಿತು. ಮಾರೋ ಗಾಡಿಗೆ ಇದೆಲ್ಲಾ ಯಾಕ ಅಂದ. ಸುಮ್ಮನೆ ಹೋಗಬಹುದಿತ್ತು, ಹೋಗಲಿಲ್ಲ. ಬಗ್ಗಿ ನೋಡಿದ.

“ಇದು ಬೈಕೋ, ಬೋರ್‌ವೆಲ್ಲೋ?”

“ಯಾವುದಾದ್ರೇನು, ಬಟನ್ ಒತ್ತಾಂವಗ ತಲಿ ಇದ್ರ ಸಾಕು” ಅಂದೆ ನಾನು. ಅವನ ತುಟಿಯ ಒಂದು ಮೂಲೆ ಅಲುಗಿತು. ನಾನು ನೋಡದವಳಂತೆ ಸ್ಕ್ರೂ ತಿರುಗಿಸಿದೆ.

ಅದಕ್ಕೂ ಮೊದಲು ನಾನು ಇನ್ನೊಂದು ಕೆಲಸ ಮಾಡಿ ಮುಗಿಸಿದ್ದೆ. ಹಂಪೇಶನಿಗೆ ಫೋನ್ ಮಾಡಿ, ನೀನು ಬರೋದು ಬ್ಯಾಡ, ಕೊಟ್ರನೇ ಗಾಡಿ ಓಡಿಸಿಕೊಂಡು ಬಂದು ನಿನ್ನ ಮನಿ ಮುಂದ ನಿಲ್ಲಿಸ್ತಾನ ಅಂದಿದ್ದೆ. ಕೊಟ್ರನೇ ಓಡಿಸ್ತಾನೇನು ಅಂತ ಅವನು ಎರಡು ಸಲ ಕೇಳಿದ. ಆಮೇಲೆ, ಆಗಲಿ ಅಕ್ಕಾ, ಹಾರ ತಂದಿಟ್ಟಿರ್ತೀನಿ ಅಂದ.

ಕೊಟ್ರನಿಗೆ ಹೇಳಿದಾಗ ಮನೆ ಹಾರಿಹೋಗುವಂತೆ ಕೂಗಾಡಿದ. ನಾನೇನು ಕಡಿಮೆಯೇ? ಅಪ್ಪ ಇದ್ದಾಗಿನಿಂದ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಮೋಟರನ್ನು ಅಂಗಡಿಯಲ್ಲಿ ಕೈಗೆ ಕೊಟ್ಟು ಕಳಿಸುವುದಿಲ್ಲ. ಹೊಲಕ್ಕೆ ಹೋಗಿ, ಇಳಿಸಿ, ನೀರು ಬೀಳಿಸಿ ತೋರಿಸಿಯೇ ಬರಬೇಕು. ಈ ಮನೆಯಿಂದ ಹೋಗುವ ಯಾವ ಮಷಿನ್ನೂ ಓಡದೆ ಹೋಗಬಾರದು, ಮಾರುವವನು ನೀನು, ಓಡಿಸಿ ತೋರಿಸುವವನೂ ನೀನೇ ಅಂದೆ. ಅಪ್ಪನ ಹೆಸರು ಬಂದ ಮೇಲೆ ಅವನು ಹೋಗಿ ಹೆಲ್ಮೆಟ್ ಹುಡುಕತೊಡಗಿದ. ನನ್ನ ಹುನ್ನಾರ ಇಷ್ಟೇ: ಒಂದು ಸಲ ಗಾಡಿ ಹತ್ತಲಿ, ದಾರಿಯಲ್ಲಿ ಅದರ ರುಚಿ ನೆನಪಾಗಲಿ. ಆಮೇಲೂ ಕೊಡುತ್ತಾನಾದರೆ ಕೊಡಲಿ.

ನಮ್ಮ ಕಡೆ ಹೊಸ ಬೋರ್ಡ್ ಹಾಕಿದರೆ ಮೊದಲ ಬಟನ್ ಒತ್ತುವುದು ಮನೆಯ ಹಿರಿಯ ಹೆಣ್ಣುಮಗಳು. ಎಂಥ ದೊಡ್ಡ ಸಾಹುಕಾರನೇ ಇರಲಿ, ಹೆಂಡತಿಯೋ ತಾಯಿಯೋ ಬಂದು ಕುಂಕುಮ ಹಚ್ಚುವತನಕ ಹಸಿರು ಬಟನ್ ಮುಟ್ಟುವುದಿಲ್ಲ. ಹಾಗಾಗಿ ಐತವಾರ ಬೆಳಿಗ್ಗೆ ಅವ್ವ ಬೈಕಿಗೆ ವಿಭೂತಿ ಬಳಿದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಊದಿನಕಡ್ಡಿ ಬೆಳಗಿದಳು. ಮಂಜಿನ ಲೈಟಿನ ಬಟನ್ ಒತ್ತಿದಳು. ಎರಡೂ ದೀಪ ಫಳ್ಳನೆ ಹತ್ತಿಕೊಂಡವು. ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಎಲ್ಲಾ ಸರಿ. ಕೆಂಪು ಒತ್ತಿದಳು, ಎಲ್ಲಾ ಆರಿದವು. ಇನ್ನು ಉಳಿದದ್ದು ಹಾರ್ನು. ಅವ್ವನ ಕೈ ಅಲ್ಲಿಗೆ ಹೋಗುವಷ್ಟರಲ್ಲಿ ಪಕ್ಕದ ಮನೆಯ ಶಿವಬಸಮ್ಮ ಗೋಡೆಯ ಮೇಲಿಂದ ಇಣುಕಿದಳು.

“ಅದೊಂದು ಹೊಡಿಬ್ಯಾಡ್ರೆವ, ನಿಮಗ ಕೈ ಮುಗಿತೀನಿ. ಕೂಸು ಈಗ ಕಣ್ಣು ಮುಚ್ಚೈತಿ.”

ಅವಳ ಮೊಮ್ಮಗು ರಾತ್ರಿಯೆಲ್ಲಾ ಅತ್ತದ್ದು ನಮಗೂ ಕೇಳಿಸಿತ್ತು. ಅವ್ವ ಕೈ ಹಿಂದೆ ತೆಗೆದುಕೊಂಡಳು. ಹಾರ್ನಿನಲ್ಲಿ ನೋಡುವುದೇನಿದೆ, ಒತ್ತಿದರೆ ಹೊಡೆಯುತ್ತದೆ ಅಂತ ನಾನೂ ಬಿಟ್ಟೆ.

ಹಿಂದಿನ ಸೀಟಿಗೆ ನಾನು ಹತ್ತಿದೆ, ಹೆಗಲಿಗೆ ಟೆಸ್ಟರ್, ಕಟರ್ ಇರುವ ನನ್ನ ಬ್ಯಾಗು. ನಿಂಬೆಹಣ್ಣು ಪಚಕ್ಕೆಂದಿತು. ಕೊಟ್ಟೂರು ರಸ್ತೆಗೆ ಬರುವತನಕ ಕೊಟ್ರನ ಬೆನ್ನು ಮರದ ಹಲಗೆಯಾಗಿತ್ತು. ಎತ್ತಿನ ಗಾಡಿಗಿಂತ ನಿಧಾನ ಹೋದ. ಒಂದು ಸೈಕಲ್ಲು ನಮ್ಮನ್ನು ದಾಟಿ ಮುಂದೆ ಹೋಯಿತು, ನನಗೆ ಮಾನ ಹೋದಂತಾಯಿತು. ಆದರೂ ಬಾಯಿ ಬಿಗಿ ಹಿಡಿದುಕೊಂಡಿದ್ದೆ, ನನ್ನ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ. ಆಗಾಗ ಅವನು ತೋರುಬೆರಳಿನಿಂದ ಇಂಡಿಕೇಟರ್ ಹಾಕುವುದು, ಕೆಂಪು ಒತ್ತಿ ಆರಿಸುವುದು ಮಾಡುತ್ತಿದ್ದ. ಹಿಡಿ ಬಿಡದೆ ಆಗುತ್ತದೆಯೋ ಇಲ್ಲವೋ ಅಂತ ತನ್ನಷ್ಟಕ್ಕೆ ನೋಡಿಕೊಳ್ಳುತ್ತಿದ್ದ. ಆಗುತ್ತಿತ್ತು. ಹಲಗೆ ಸ್ವಲ್ಪ ಸಡಿಲವಾಯಿತು.

ಕೊಟ್ಟೂರು ಹತ್ತಿರ ಬಂದಾಗ ರಸ್ತೆಯ ತುಂಬಾ ಕುರಿ. ಮುಂದೆ ಕಂಬಳಿ ಹೊದ್ದು ನಡೆಯುತ್ತಿದ್ದವನು ಮೈಲಪ್ಪ, ನಮ್ಮ ಗಿರಾಕಿಯೇ, ಹೊಲಕ್ಕೆ ಬೋರ್ಡ್ ಹಾಕಿಸಿಕೊಂಡವನು. ಕೊಟ್ರ ಬ್ರೇಕ್ ಹಿಡಿದ. ಬಲಗೈ ಎಡಕ್ಕೆ ಹೊರಟು, ಅರ್ಧದಲ್ಲೇ ವಾಪಸ್ ಬಂತು. ಹೊಡಿ, ಹೊಡಿ ಅಂತ ನಾನು ಮನಸ್ಸಿನಲ್ಲೇ ಜಪಿಸುತ್ತಿದ್ದೆ. ಅವನು ಉಬ್ಬನ್ನು ಬಟನ್ನಿಗೆ ಕೊಟ್ಟು ಒತ್ತಿದ.

ಪೋಂ ಅಂತ ಹೊಡೆಯಿತು. ಏನು ಗಂಟಲು ಅದರದು! ನನ್ನ ಜೀವ ಹಿಗ್ಗಿ ಹೀರೇಕಾಯಿಯಾಯಿತು. ಕುರಿಗಳು ಎರಡು ಭಾಗವಾಗಿ ದಾರಿ ಬಿಟ್ಟವು. ಕೊಟ್ರ ಕೈ ತೆಗೆದ.

ಹಾರ್ನು ಹೊಡೆಯುತ್ತಲೇ ಇತ್ತು.

ಅವನು ಮತ್ತೆ ಒತ್ತಿದ, ಮತ್ತೆ ಕೈ ತೆಗೆದ. ಕೆಂಪು ಒತ್ತಿದ. ಇಂಡಿಕೇಟರ್ ಆರಿತು, ಹಾರ್ನು ಆರಲಿಲ್ಲ. ಮೈಲಪ್ಪ ಕೋಲು ಎತ್ತಿ, ಕುರಿ ಸರದಾವು, ಸಾಕು ನಿಲ್ಸೋ ತಮ್ಮಾ ಅಂತ ಕೂಗುತ್ತಿದ್ದದ್ದು ಬಾಯಿಯ ಆಕಾರದಿಂದ ತಿಳಿಯಿತು. ಒಂದೇ ಕ್ಷಣದಲ್ಲಿ ನನಗೆ ಎಲ್ಲಾ ಹೊಳೆಯಿತು. ಹೋಲ್ಡಿಂಗ್ ವೈರ್! ಸಾಲಾಗಿ ಮಲಗಿಸಿಕೊಂಡು ಬೆಸೆದೆನಲ್ಲ, ಹಾರ್ನಿನ ರಿಲೇಗೂ ಬೆಸೆದುಬಿಟ್ಟಿದ್ದೆ. ಕೈ ತೆಗೆದರೆ ಹಾರ್ನು ತಾನೇ ನಿಲ್ಲುತ್ತದೆ ಅಂದುಕೊಂಡು ಕೆಂಪು ಬಟನ್ನಿನ ವೈರನ್ನು ಅದಕ್ಕೆ ಕೊಟ್ಟಿರಲಿಲ್ಲ. ಇಡೀ ಪ್ರಪಂಚದಲ್ಲಿ ಪಂಪ್‌ಸೆಟ್ಟಿನವರು ಬಿಟ್ಟರೆ ಯಾರೂ ಮಾಡಲಾರದ ತಪ್ಪು ಅದು. ಈಗ ಅದನ್ನು ನಿಲ್ಲಿಸಲು ಬೀಗದ ಕೈ ತಿರುಗಿಸುವುದೊಂದೇ ದಾರಿ. ಕೀ ಬಂದ್ ಮಾಡೋ ಅಂತ ಅವನ ಬೆನ್ನಿಗೆ ಗುದ್ದಿದೆ. ಬೇಗ ಹೋಗು ಅನ್ನುತ್ತಿದ್ದೇನೆ ಅಂತ ತಿಳಿದುಕೊಂಡು ಅವನು ವೇಗ ಹೆಚ್ಚಿಸಿದ.

ಹಾಗೇ ಕೊಟ್ಟೂರಿನ ಒಳಗೆ ನುಗ್ಗಿದೆವು. ಅಯ್ಯೋ, ಆ ಮೆರವಣಿಗೆ ಏನು ಹೇಳಲಿ! ಆಂಬ್ಯುಲೆನ್ಸ್ ಬಂತು ಅಂತ ಒಬ್ಬ ಬಾಳೆಹಣ್ಣಿನ ಗಾಡಿಯನ್ನು ಓಡೋಡಿ ಪಕ್ಕಕ್ಕೆ ಎಳೆದ. ಮಿರ್ಚಿ ಕರಿಯುವವಳು ಜಾಲರಿ ಹಿಡಿದುಕೊಂಡೇ ಎದ್ದು ನಿಂತಳು. ಕ್ಷೌರದ ಅಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡವನೊಬ್ಬ ಹೊರಗೆ ಬಂದು ನೋಡಿದ. ಎದುರಿಗೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು, ಎಡಕ್ಕೆ ಆಟೋ, ಬಲಕ್ಕೆ ಎಮ್ಮೆ. ಕೊಟ್ರ ಅರ್ಧ ಕ್ಲಚ್ಚಿನಲ್ಲಿ ಎಮ್ಮೆಯ ಪಕ್ಕ ಸರಿದು, ಆಟೋದ ಮುಂದೆ ಹಾದು, ಬಸ್ಸು ನಿಂತ ಸಂದಿಯಲ್ಲಿ ಗಾಡಿಯನ್ನು ಬಾಗಿಸಿ ಹೊರಗೆ ತೆಗೆದ. ನಾನು ಕಣ್ಣು ಮುಚ್ಚಿಕೊಂಡೆ, ಮತ್ತೆ ತೆರೆದೆ. ಇವನೇ ಏನು ಹಾರ್ನ್ ಹೊಡೆಯಲಾರದೆ ಗುಂಡಿಯಲ್ಲಿ ಬಿದ್ದವನು? ಎರಡೂ ಕೈ, ಎರಡೂ ಕಾಲು ತಮ್ಮ ಕೆಲಸ ತಾವು ಮಾಡುತ್ತಿದ್ದವು. ನನ್ನ ತಮ್ಮ ಗಾಡಿ ಓಡಿಸುತ್ತಿದ್ದ.

ಊರು ದಾಟಿ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿ ಕೀ ತಿರುಗಿಸಿದ. ಹಾರ್ನು ನಿಂತಿತು. ಕಿವಿಯಲ್ಲಿ ಗುಂಯ್ ಅನ್ನುವುದು ಮಾತ್ರ ಉಳಿಯಿತು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕೆಳಗೆ ಇಳಿದೆ. ಕೊಟ್ರ ಹೆಲ್ಮೆಟ್ ತೆಗೆದ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ. ಅವನು ನಗುತ್ತಿದ್ದ, ಟ್ಯಾಂಕಿನ ಮೇಲೆ ತಲೆ ಇಟ್ಟುಕೊಂಡು ಉಸಿರು ಸಿಗದಂತೆ ನಗುತ್ತಿದ್ದ. ನೊರೆ ಹಚ್ಚಿಕೊಂಡಿದ್ದವನನ್ನು ನೋಡಿದ್ಯಾ ಅಕ್ಕ ಅಂತ ಕೇಳಲು ಹೋಗಿ ಮಾತು ಮುಗಿಸಲಾಗದೆ ಮತ್ತೆ ನಕ್ಕ. ಎಷ್ಟು ದಿನವಾಗಿತ್ತು ಆ ನಗೆ ಕೇಳಿ! ನಾನೂ ಬಂಕಿನ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪೆಟ್ರೋಲ್ ಹಾಕುವವನು ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದ.

ನಗು ನಿಂತ ಮೇಲೆ ತಪ್ಪು ಎಲ್ಲಾಗಿದೆ ಅಂತ ಹೇಳಿ, ಬ್ಯಾಗಿನಿಂದ ಕಟರ್ ತೆಗೆದೆ. ಒಂದು ಗಿಡ್ಡ ವೈರ್ ಕತ್ತರಿಸಿದರೆ ಮುಗಿಯಿತು, ಒತ್ತಿದಷ್ಟು ಹೊತ್ತು ಮಾತ್ರ ಹೊಡೆಯುತ್ತದೆ.

“ಇರ್ಲಿ ಬಿಡು. ಹಂಪೇಶ ಕಾಯ್ತಿರ್ತಾನ. ಅಲ್ಲೇ ಹೋಗಿ ಕತ್ತರಿಸೀಯಂತ” ಅಂದ ಕೊಟ್ರ.

ಹಂಪೇಶನ ಹೆಸರು ಕೇಳಿ ನನ್ನ ನಗು ಬತ್ತಿತು. ಕಟರನ್ನು ಬ್ಯಾಗಿಗೆ ಹಾಕಿದೆ.

ಕೊಟ್ಟೂರಿನಿಂದ ಹರಪನಹಳ್ಳಿಯ ದಾರಿಯಲ್ಲಿ ಗಾಡಿ ಹೂವಿನ ಹಾಗೆ ಹೋಯಿತು. ಎರಡೂ ಕಡೆ ಮೆಕ್ಕೆಜೋಳ ಕಟಾವಿಗೆ ಬಂದು ನಿಂತಿತ್ತು. ಕೊಟ್ರ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಮಾತಿಗೆ ಶುರುವಿಟ್ಟುಕೊಂಡ. ರಾಜಸ್ಥಾನದಲ್ಲಿ ಒಂಟೆ ಅಡ್ಡ ಬಂದಾಗ ಹಂಪೇಶ ಕಿರುಚಿಕೊಂಡದ್ದು, ಘಾಟಿನಲ್ಲಿ ಚಹಾದ ಅಂಗಡಿಯವನು ನಮ್ಮ ಕನ್ನಡ ಕೇಳಿ ಕಾಸು ಬೇಡ ಅಂದದ್ದು, ಎಲ್ಲಾ ಮೊದಲಿನಿಂದ. ಅರ್ಧ ಗಾಳಿಗೆ ಹಾರಿಹೋಗುತ್ತಿತ್ತು, ಉಳಿದರ್ಧ ನನಗೆ ಮೊದಲೇ ಗೊತ್ತಿತ್ತು. ಆದರೂ ಹೂಂ, ಹೂಂ ಅನ್ನುತ್ತಾ ಕೇಳಿದೆ. ತಮ್ಮ ವಾಪಸ್ ಬಂದಿದ್ದ, ಗಾಡಿ ಹೊರಟಿತ್ತು. ಬೇಡ, ಕೊಡಬೇಡ ಅನ್ನಬೇಕು ಅನ್ನಿಸಿತು. ಆದರೆ ಓಡಿಸಿ ತೋರಿಸಿಯೇ ಕೊಡಬೇಕು ಅಂತ ಅಪ್ಪನ ಹೆಸರು ಎತ್ತಿದವಳು ನಾನೇ. ಸಿಟ್ಟು ಬೇರೆಯವರ ಮೇಲೆ ಬಂದಿದ್ದರೆ ಎರಡು ಮಾತಾದರೂ ಆಡಬಹುದಿತ್ತು, ನನ್ನ ಮೇಲೆಯೇ ಬಂದಿತ್ತು, ಏನು ಮಾಡಲಿ?

ಹರಪನಹಳ್ಳಿ ಊರ ಬಾಯಲ್ಲೇ, ರಸ್ತೆಯ ಎಡಕ್ಕೆ ಹಂಪೇಶನ ಮನೆ. ದೂರದಿಂದಲೇ ಕಂಡ. ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದು ರಸ್ತೆಯ ಅಂಚಿಗೇ ಬಂದು ನಿಂತಿದ್ದ. ಅವನ ಹೆಂಡತಿ ತೆಂಗಿನಕಾಯಿಯ ತಟ್ಟೆ ಹಿಡಿದಿದ್ದಳು. ಕೊಟ್ರನ ಮಾತು ನಿಂತಿತು. ತೋರುಬೆರಳು ಹಸಿರು ಬಟನ್ ಒತ್ತಿತು, ಎಡ ಇಂಡಿಕೇಟರ್ ಮಿಣುಕತೊಡಗಿತು. ಮುಗಿಯಿತು ಅಂದುಕೊಂಡೆ. ಹಂಪೇಶ ಹಾರ ಎತ್ತಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಗಾಡಿ ನಿಧಾನವಾಯಿತು, ಇನ್ನೂ ನಿಧಾನವಾಯಿತು. ನಾನು ಇಳಿಯಲು ಬ್ಯಾಗು ಸರಿಮಾಡಿಕೊಂಡೆ.

ಕೊಟ್ರನ ಬೆರಳು ನಡುವಿನ ಕೆಂಪು ಬಟನ್ ಒತ್ತಿತು. ಇಂಡಿಕೇಟರ್ ಆರಿತು.

ಆಮೇಲೆ ಆ ಉಬ್ಬು ದೊಡ್ಡ ಹಸಿರು ಬಟನ್ನಿನ ಮೇಲೆ ಕೂತಿತು, ಬೇಕೆಂತಲೇ ಕೂತಿತು. ಹಾರ್ನು ಬಾಯಿ ಬಿಟ್ಟಿತು. ಗಾಡಿ ಹಂಪೇಶನ ಮುಂದೆ, ಅವನ ಹಾರದ ಮುಂದೆ, ತಟ್ಟೆಯ ಮುಂದೆ ಹಾದು ಹೊರಟೇಬಿಟ್ಟಿತು. ಕೊಟ್ರ ಎಡಗೈ ಎತ್ತಿದ. ನಾಲ್ಕು ಬೆರಳಿನ ಆ ಕೈಯನ್ನು ಊರ ಜನರ ಎದುರು ಅವನು ಎತ್ತಿದ್ದು ಅದೇ ಮೊದಲು. ನಾನು ಹಿಂದೆ ತಿರುಗಿ ನೋಡಿದೆ. ಹಂಪೇಶ ಬಾಯಿ ತೆರೆದು ನಿಂತಿದ್ದ, ಆಮೇಲೆ ಹಾರವನ್ನು ತಲೆಯ ಮೇಲೆತ್ತಿ ಎರಡೂ ಕೈಯಿಂದ ಬೀಸಿದ. ನಾನೂ ಬೀಸಿದೆ. ನನಗೆ ಎಷ್ಟು ಹಿಗ್ಗಾಯಿತು ಅಂದರೆ ಕಣ್ಣೀರನ್ನು ಗಾಳಿಗೇ ಬಿಟ್ಟೆ.

ಹರಪನಹಳ್ಳಿಯನ್ನೂ ಹಾಗೇ ಎಬ್ಬಿಸಿಕೊಂಡು ದಾಟಿದೆವು. ಹೊಳೆಯ ಕಡೆ ಹೋಗುವ ಹಲವಾಗಲಿನ ರಸ್ತೆಗೆ ತಿರುಗಿ ಒಂದು ಬೇವಿನಮರದ ಕೆಳಗೆ ಅವನು ಕೀ ಬಂದ್ ಮಾಡಿದ. ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಹಂಪೇಶನೇ. ನಾನು ತಡವರಿಸಿ, ತಪ್ಪು ತಿಳಿಬ್ಯಾಡಪ್ಪ, ಮಾತು ಕೊಟ್ಟು ಹಿಂಗ ಮಾಡಿದ್ವಿ ಅಂದೆ.

“ಏ ಬಿಡಕ್ಕಾ. ಅವ್ನೇ ಓಡಿಸ್ಕೊಂ ಬರ್ತಾನೆ ಅಂತ ನೀನು ಅಂದಾಗ್ಲೇ ಗಾಡಿ ನನಗೆ ಸಿಗಲ್ಲ ಅಂತ ಗೊತ್ತಾತು” ಅಂದ ಅವನು. “ಹಾರ ಬಾಡ್ತೈತಿ, ವಾಪಸ್ ಬರುವಾಗಾದ್ರೂ ನಿಲ್ಲಿಸ್ರಿ. ಊಟಕ್ಕೆ ಇಟ್ಟೀವಿ.”

ಆ ಮಾತನ್ನು ಕೊಟ್ರನಿಗೆ ಹೇಳಿದೆ. ಅವನು ಬೋರ್ಡಿನ ಮೇಲೆ ಕೂತ ದೂಳನ್ನು ಅಂಗಿಯ ತುದಿಯಿಂದ ಒರೆಸಿದ. ನಾನು ಮತ್ತೆ ಕಟರ್ ತೆಗೆದು, ಈಚೆಗೆ ಸರಿ, ಆ ವೈರ್ ಕತ್ತರಿಸ್ತೀನಿ ಅಂದೆ. ಅವನು ಬೋರ್ಡಿನ ಮೇಲೆ ಅಂಗೈ ಮುಚ್ಚಿ ಅಡ್ಡ ಹಿಡಿದ.

“ನಾಳಿ ಕತ್ತರಿಸು ಅಕ್ಕ. ಹೊಳಿ ಮಟ ಹಿಂಗ ಹೋಗೂಣು.”

ತುಂಗಭದ್ರೆಯ ದಂಡೆ ಅಲ್ಲಿಂದ ಇನ್ನೂ ದೂರವಿತ್ತು. ಕಟರನ್ನು ವಾಪಸ್ ಬ್ಯಾಗಿಗೆ ಹಾಕಿದೆ. ಬ್ಯಾಗಿನಲ್ಲಿ ಮೋಟರ್ ಒರೆಸುವ ಹತ್ತಿ ಇತ್ತು. ಎರಡು ಉಂಡೆ ಮಾಡಿ, ಎರಡೂ ಕಿವಿಗೆ ತುರುಕಿಕೊಂಡು, ಬೇವಿನ ಬೇರಿನ ಮೇಲೆ ಕಾಲಿಟ್ಟು ಹಿಂದೆ ಹತ್ತಿ ಕೂತೆ.